ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ರಕ್ತನಾಳದ ಮೂಲಕ ಪೋಷಣೆ: ವಾರ್ಡಿನಲ್ಲಿ ಮಾಡಬೇಕಾದ್ದು

'ಗ್ಲೂಕೋಸ್ ಹಾಕಿದ್ದಾರಲ್ಲ, ಊಟ ಆದ ಹಾಗೇ' ಎನ್ನುವವರು ಕಾರವಾರ, ಶಿರಸಿ ಕಡೆ ಈಗಲೂ ಇದ್ದಾರೆ. ಲೆಕ್ಕ ಹಾಕಿ: 5% ಡೆಕ್ಸ್ಟ್ರೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ, ಕ್ಯಾಲೊರಿ ಸುಮಾರು 85, ಪ್ರೋಟೀನ್ ಸೊನ್ನೆ. 50 ಕೆ.ಜಿ. ತೂಕದ ರೋಗಿಗೆ ದಿನಕ್ಕೆ ಬೇಕಾದ್ದು 1250ರಿಂದ 1500 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್.

ಕರುಳು ಕೆಲಸ ಮಾಡುತ್ತಿದ್ದರೆ ಗಂಜಿಯ ತಿಳಿಯೋ, ಮೂಗಿನ ನಳಿಕೆಯ ಆಹಾರವೋ ಮೊದಲು. ಹೊಲಿಗೆ ಸೋರುತ್ತಿದ್ದರೆ, ಕರುಳು ಸ್ತಬ್ಧವಾಗಿದ್ದರೆ, ವಾರಕ್ಕೂ ಹೆಚ್ಚು ದಿನ ಅರ್ಧದಷ್ಟೂ ಒಳಗೆ ಹೋಗುವ ಲಕ್ಷಣ ಇಲ್ಲದಿದ್ದರೆ ಸಕ್ಕರೆ, ಪ್ರೋಟೀನಿನ ಅಂಶ, ಕೊಬ್ಬು ಸೇರಿದ, ರಕ್ತನಾಳಕ್ಕೆ ಕೊಡುವ ಪೋಷಣೆಯ ಬಿಳಿ ಚೀಲ ಬೇಕು. ಮೊದಲೇ ಸೊರಗಿದವರಿಗೆ ವಾರ ಕಾಯುವುದು ತಪ್ಪು.

ಚೀಲದ ಲೇಬಲ್‌ನಲ್ಲಿ ಆಸ್ಮೊಲಾರಿಟಿ (ದ್ರವದ ಸಾಂದ್ರತೆಯ ಅಳತೆ) ನೋಡಿ. ಲೀಟರಿಗೆ 900 ಮಿಲಿಆಸ್ಮೋಲ್‌ಗಿಂತ ಹೆಚ್ಚಿದ್ದರೆ ಎದೆಯ ದೊಡ್ಡ ರಕ್ತನಾಳಕ್ಕೆ ಹೋಗುವ ಸೆಂಟ್ರಲ್ ಲೈನ್‌ಗೇ. ಕೈಯ ನರಕ್ಕೆ (ಸಣ್ಣ ರಕ್ತನಾಳಕ್ಕೆ) ಕೊಟ್ಟರೆ ಅದು ಕೆಂಪಾಗಿ, ಹಗ್ಗದಂತೆ ಗಟ್ಟಿಯಾಗುತ್ತದೆ. ಮೂರು ಕೋಣೆಯ ಚೀಲವನ್ನು ಮೇಲಿನ ತುದಿಯಿಂದ ಸುರುಳಿ ಸುತ್ತಿ ಒತ್ತಿ, ಒಳಗಿನ ಸೀಲ್‌ಗಳು ಬಿಡಲಿ, ಎರಡು ಮೂರು ಸಲ ತಲೆಕೆಳಗು ಮಾಡಿ. ಹಳದಿ ಎಣ್ಣೆಯ ಗೆರೆ ಕಂಡರೆ ಚೆಲ್ಲಿ. ವಿಟಮಿನ್, ಜಿಂಕ್, ಸೆಲೆನಿಯಂನಂಥವು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ವೈದ್ಯರು ಬರೆದಂತೆ ಬೇರೆ ಸೇರಿಸಬೇಕು. ಔಷಧಿಯನ್ನು ಮಾತ್ರ ಈ ಚೀಲಕ್ಕೂ ಲೈನಿನಲ್ಲಿ ಇದು ಹರಿಯುವ ದಾರಿಯಾದ ಲ್ಯೂಮೆನ್‌ಗೂ ಹಾಕಬೇಡಿ.

1.2 ಮೈಕ್ರಾನ್ ಫಿಲ್ಟರ್ ಹಾಕಿ, ಲೈನಿನ ಜೋಡಣೆಯ ತುದಿಯನ್ನು (ಹಬ್) ಸ್ಪಿರಿಟ್ ಸ್ವಾಬಿನಿಂದ 15 ಸೆಕೆಂಡ್ ಉಜ್ಜಿ, ಒಣಗಲು ಬಿಟ್ಟು ಜೋಡಿಸಿ. 1440 ಮಿ.ಲೀ. ಚೀಲವನ್ನು 24 ಗಂಟೆಗೆ ಹಾಕುವುದಾದರೆ ಗಂಟೆಗೆ 60 ಮಿ.ಲೀ. ತಡವಾಯಿತೆಂದು ವೇಗ ಹೆಚ್ಚಿಸುವ ಚಾಳಿ ಬೇಡವೇ ಬೇಡ, ಸಕ್ಕರೆ ಏರುತ್ತದೆ. 24 ಗಂಟೆಗೆ ಚೀಲ, ಸೆಟ್ (ಚೀಲದಿಂದ ಲೈನಿಗೆ ಬರುವ ನಳಿಕೆ) ಎರಡೂ ಬದಲು.

ಹೆಚ್ಚು ಎಡವುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಸಕ್ಕರೆ ಸುರಿದರೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ನುಗ್ಗುತ್ತವೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಅಂಥವರಿಗೆ ಮೊದಲು ಥಯಮಿನ್ (ವಿಟಮಿನ್ ಬಿ1), ಆಮೇಲೆ ಕೆ.ಜಿ.ಗೆ 10 ಕ್ಯಾಲೊರಿಯಿಂದ ಶುರು. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರನ್ನೂ ದಿನವೂ ಪರೀಕ್ಷಿಸಿ. ಫಾಸ್ಫೇಟ್ ಸ್ಥಳೀಯವಾಗಿ ಮಾಡದಿದ್ದರೆ ಸ್ಯಾಂಪಲ್ ಎಲ್ಲಿಗೆ, ಯಾವ ಹೊತ್ತಿಗೆ ಹೋಗಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ರಕ್ತದ ಸಕ್ಕರೆ ಆರು ಗಂಟೆಗೊಮ್ಮೆ ನೋಡಿ, 140ರಿಂದ 180 ಮಿ.ಗ್ರಾಂ./ಡೆ.ಲೀ. ಒಳಗೆ ಇರಲಿ.

ಕರೆಂಟು ಹೋಗುವ ಊರಿನಲ್ಲಿ ಪಂಪ್ ಸದಾ ಚಾರ್ಜಿನಲ್ಲಿರಲಿ. ಲೈನ್ ಕಟ್ಟಿಕೊಂಡರೆ ಅಥವಾ ಮುಂದಿನ ಚೀಲ ಬರುವುದು ತಡವಾದರೆ 10% ಡೆಕ್ಸ್ಟ್ರೋಸ್ ಅದೇ ವೇಗದಲ್ಲಿ, ಬೇಕಿದ್ದರೆ ಕೈಯ ನರಕ್ಕೇ ಹಾಕಿ ವೈದ್ಯರಿಗೆ ತಿಳಿಸಿ. ಇಲ್ಲದಿದ್ದರೆ ಸಕ್ಕರೆ ಕುಸಿದು ಬೆವರು, ನಡುಕ ಬರುತ್ತದೆ. ಚಳಿ ಜ್ವರ ಬಂತೆಂದರೆ ಮೊದಲ ಗುಮಾನಿ ಲೈನಿನ ಮೇಲೆ: ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗದೆ, ಲೈನಿನಿಂದಲೂ ಇನ್ನೊಂದು ಕೈಯಿಂದಲೂ ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕಿನ ಸೂಕ್ಷ್ಮಾಣು ಇದೆಯೇ ನೋಡುವ ಪರೀಕ್ಷೆ) ಕಳಿಸಿ.

ಬಾಯಿಂದ ಅರ್ಧಕ್ಕಿಂತ ಹೆಚ್ಚು ಹೋಗತೊಡಗಿದಾಗ ಚೀಲದ ಪ್ರಮಾಣ ಇಳಿಸುತ್ತ ಬನ್ನಿ. ಪೂರ್ತಿ ತೆಗೆಯುವ ದಿನ ಕೊನೆಯ ಒಂದೆರಡು ಗಂಟೆ ವೇಗ ಅರ್ಧ ಮಾಡಿ, ನಿಲ್ಲಿಸಿದ ಒಂದು ಗಂಟೆಗೆ ಸಕ್ಕರೆ ನೋಡಿ.