ಮಗು ಹುಟ್ಟಿದ ತಿಂಗಳು ಅಪ್ಪನ ಸಂಬಳ ಕಟ್ ಆಗದಿರಲು

ಕೇಂದ್ರ ಸರ್ಕಾರಿ ನೌಕರರಿಗೆ ಲೆಕ್ಕ ಸುಲಭ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ 15 ದಿನ ಪಿತೃತ್ವ ರಜೆ, ಪೂರ್ತಿ ಸಂಬಳ; ಖಾತೆಯಲ್ಲಿರುವ ಬೇರೆ ರಜೆಯಿಂದ ಒಂದು ದಿನವೂ ಕಳೆಯುವುದಿಲ್ಲ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾದ 6 ತಿಂಗಳೊಳಗೆ ತೆಗೆದುಕೊಳ್ಳಬೇಕು. ಆಮೇಲೆ ನೋಡೋಣ ಎಂದು ಬಿಟ್ಟರೆ ರಜೆ ಕೈತಪ್ಪಿತು.

ಖಾಸಗಿ ನೌಕರಿಯಲ್ಲಿ ಇಂಥ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನಿಲ್ಲ, ಎಲ್ಲವೂ ಕಂಪನಿಯ ಮರ್ಜಿ. ಹಾಗಾಗಿ ಹೆಂಡತಿಯ ಗರ್ಭಾವಸ್ಥೆಯ ಏಳನೇ ತಿಂಗಳಲ್ಲೇ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನ ಒಪ್ಪಿಗೆ ಸಂಬಳದ ದಿನ ಯಾರಿಗೂ ನೆನಪಿರುವುದಿಲ್ಲ. ರಜೆ ಇಲ್ಲವೆಂದರೆ ಗಳಿಕೆ ರಜೆಯನ್ನು ಈಗಿನಿಂದಲೇ ಉಳಿಸಿ.

ಏಕೆಂದರೆ ಸಂಬಳರಹಿತ ರಜೆ ಕಾಣುವುದಕ್ಕಿಂತ ದುಬಾರಿ. ತಿಂಗಳಿಗೆ 30,000 ರೂ., ಅದರಲ್ಲಿ ಮೂಲವೇತನ 15,000 ಎನ್ನಿ. ಮೂವತ್ತು ದಿನದ ಲೆಕ್ಕದಲ್ಲಿ 10 ದಿನ ಹೋದರೆ 10,000 ಖೋತಾ. ಜೊತೆಗೆ ಮೂಲವೇತನ 10,000ಕ್ಕೆ ಇಳಿದು, ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ 1,800ರಿಂದ 1,200 ಆಗುತ್ತದೆ. ಸ್ಲಿಪ್‌ನಲ್ಲಿ ಈ ಸಾಲನ್ನು ಯಾರೂ ನೋಡುವುದೇ ಇಲ್ಲ!

ರಜೆ ಅರ್ಜಿಯನ್ನು ಸಂಬಳದ ಲೆಕ್ಕ ಮುಗಿಯುವ ಮೊದಲೇ ಹಾಕಿ. ತಡವಾದರೆ ಗೈರುಹಾಜರಿ ಎಂದೇ ದಾಖಲಾಗಿ, ಕಟ್ ಆದ ಹಣಕ್ಕೆ ಮುಂದಿನ ತಿಂಗಳವರೆಗೆ ಕಾಯಬೇಕಾದೀತು.