ಹೊಲದಲ್ಲಿ ಸಿಕ್ಕ ಬಿಳಿ ಕಲ್ಲು ಲಿಥಿಯಂ ಕಲ್ಲೇ? ಮನೆಯಲ್ಲೇ ನೋಡುವ ಬಗೆ

ಮೊನ್ನೆ ಒಬ್ಬ ಅಜ್ಜ ಟವೆಲ್ ತುದಿಗೆ ಗಂಟು ಹಾಕಿಕೊಂಡು ಒಂದು ಬಿಳಿ ಕಲ್ಲು ತಂದರು. ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟು, "ಮೇಡಮ್ಮೋರೆ, ಬೋರ್‌ವೆಲ್ ಸಾಲ ತೀರ್ತದಾ ನೋಡಿ" ಅಂದರು.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಓದಿದ್ದು ಮಾನಸಗಂಗೋತ್ರಿಯಲ್ಲಿ, ಭೂವಿಜ್ಞಾನ. 2020ರಲ್ಲಿ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗಿನಿಂದ ಹೀಗೆ ಕಲ್ಲು ಹಿಡಿದು ಬರುವವರು ಜಾಸ್ತಿ. ಆಗ ಪೇಪರಿನಲ್ಲಿ ಬಂದ ಲೆಕ್ಕ 14,100 ಟನ್. 2021ರ ಫೆಬ್ರವರಿಯಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅದು 1,600 ಟನ್ ಆಯಿತು. ಅದೂ ಅಂದಾಜಿನ ಹಂತದ್ದು. ಮೇಲ್ಮೈ ನೋಡಿ, ಅಲ್ಲಲ್ಲಿ ಸ್ವಲ್ಪ ಕೊರೆದು ಹಾಕಿದ ಲೆಕ್ಕ. ಊರಲ್ಲಿ ಮಾತ್ರ ಇನ್ನೂ ಮೊದಲಿನ ಸಂಖ್ಯೆಯೇ ಓಡಾಡುತ್ತಿದೆ.

ಕಲ್ಲು ತಂದವರಿಗೆ ನಾನು ಮೊದಲು ಕೇಳುವುದು ಒಂದೇ. "ಇದು ಎಲ್ಲಿ ಸಿಕ್ಕಿತು? ಬಂಡೆಗೆ ಅಂಟಿಕೊಂಡಿತ್ತಾ, ಸುಮ್ನೆ ಬಿದ್ದಿತ್ತಾ?" ಬಿದ್ದಿದ್ದ ಕಲ್ಲು ಮಳೆ ನೀರಿನಲ್ಲಿ ಉರುಳಿ ಬಂದಿರಬಹುದು. ರಸ್ತೆಗೆ ಸುರಿದ ಜಲ್ಲಿ ಲಾರಿಯಿಂದಲೂ ಬಿದ್ದಿರಬಹುದು. ಜಾಗ ಗೊತ್ತಿಲ್ಲದಿದ್ದರೆ ಎಂಥ ಕಲ್ಲಾದರೂ ಅದರಿಂದ ತಿಳಿಯುವುದು ಬಹಳ ಕಡಿಮೆ. ಆದ್ದರಿಂದ ಕಲ್ಲು ಎತ್ತುವ ಮೊದಲೇ ಅದು ಇದ್ದ ಹಾಗೆ ಒಂದು ಫೋಟೊ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಪೆನ್ನು ಇಡಿ. ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಬೇರೆಯವರ ಹೊಲವಾದರೆ ಮೊದಲು ಅವರನ್ನು ಕೇಳಿ.

ಈಗ ಸುತ್ತ ನೋಡಿ. ನಮ್ಮ ಕಡೆ ನೆಲದ ತುಂಬ ಇರುವುದು ನೈಸ್ ಎಂಬ ಬಂಡೆ. ಬೂದು ಮತ್ತು ಬಿಳಿ ಪಟ್ಟೆಗಳು ಬಳುಕಿಕೊಂಡು ಹೋಗಿರುತ್ತವೆ. ಲಾಲ್‌ಬಾಗಿನ ಗುಡ್ಡದಲ್ಲಿ ಇರುವುದೂ ಅದೇ, ಸುಮಾರು 300 ಕೋಟಿ ವರ್ಷ ಹಳೆಯದು. ಇದರ ನಡುವೆ ನಾಗಮಂಗಲದ ಕಡೆಯಿಂದ ಶಿಸ್ಟ್ ಎಂಬ ಬಂಡೆಯ ಪಟ್ಟಿ ಹಾದು ಬರುತ್ತದೆ. ಅಲ್ಲಿನ ಬಂಡೆ ಕಪ್ಪು, ಕಪ್ಪುಹಸಿರು. ಆ ಕಪ್ಪು ಬಂಡೆಯನ್ನು ಸೀಳಿಕೊಂಡು ಹೋದ ಬಿಳಿ ಎಳೆ ಕಂಡರೆ ನಿಂತು ನೋಡಿ. ಕಾಳುಗಳು ಹೆಬ್ಬೆರಳಷ್ಟು, ಕೆಲವು ಸಲ ಅಂಗೈಯಷ್ಟು ದೊಡ್ಡದಿದ್ದರೆ ಅದು ಪೆಗ್ಮಟೈಟ್.

ಅಷ್ಟು ದೊಡ್ಡ ಕಾಳು ಯಾಕೆ? ನೆಲದಾಳದಲ್ಲಿ ಕರಗಿದ ಗ್ರಾನೈಟ್ ನಿಧಾನವಾಗಿ ಗಟ್ಟಿಯಾಗುತ್ತಾ ಬಂದು, ಕೊನೆಗೆ ಒಂದಿಷ್ಟು ದ್ರವ ಉಳಿಯುತ್ತದೆ. ಅದರಲ್ಲಿ ನೀರಿನ ಅಂಶ ಜಾಸ್ತಿ. ಹಾಗಾಗಿ ಹರಳು ಆರಾಮಾಗಿ ಬೆಳೆಯುತ್ತದೆ. ಮಾಮೂಲಿ ಹರಳುಗಳಲ್ಲಿ ಜಾಗ ಸಿಗದ ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ ಎಲ್ಲವೂ ಆ ಕೊನೆಯ ದ್ರವಕ್ಕೇ ಬಂದು ಸೇರುತ್ತವೆ. ಆದರೂ ಹೆಚ್ಚಿನ ಪೆಗ್ಮಟೈಟ್‌ಗಳಲ್ಲಿ ಲಿಥಿಯಂ ಇರುವುದಿಲ್ಲ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಎಂಬ ಮಾಮೂಲಿ ಖನಿಜ, ಕಾಗೆಬಂಗಾರ (ಅಭ್ರಕ), ಅಷ್ಟೇ.

ಲಿಥಿಯಂ ಇರುವ ಮುಖ್ಯ ಖನಿಜ ಸ್ಪೋಡುಮಿನ್. ಬಿಳಿ ಅಥವಾ ತೆಳು ಹಸಿರು ಬೂದು ಬಣ್ಣ. ಉದ್ದನೆಯ ಚಪ್ಪಟೆ ಪಟ್ಟಿಯ ಆಕಾರ, ಮೈಮೇಲೆ ಉದ್ದಕ್ಕೂ ಸಣ್ಣ ಗೆರೆ. ತೊಂದರೆ ಏನೆಂದರೆ ಇದು ನೋಡಲು ಫೆಲ್ಡ್‌ಸ್ಪಾರ್ ಥರವೇ ಇರುತ್ತದೆ. ಗಾಜಿನ ಮೇಲೆ ಗೀಚಿ ನೋಡಿ ಎಂದು ಕೆಲವರು ಹೇಳುತ್ತಾರೆ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಸ್ಪೋಡುಮಿನ್ ಮೂರೂ ಗಾಜನ್ನು ಗೀಚುತ್ತವೆ. ಅದರಿಂದ ಇವನ್ನು ಬೇರೆ ಮಾಡಲು ಆಗುವುದಿಲ್ಲ.

ಬೇರೆ ಮಾಡುವುದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ಸುತ್ತಿಗೆಯಿಂದ ಒಡೆದು ಒಳಗಿನ ಹೊಸ ತುಂಡು ತೆಗೆದುಕೊಳ್ಳಿ. ಕನ್ನಡಕ ಹಾಕದೆ ಒಡೆಯಬೇಡಿ. ಓದುವಾಗ ನನ್ನ ಗೆಳತಿಯ ಕಣ್ಣಿಗೆ ಬೆಣಚುಕಲ್ಲಿನ ಚೂರು ಹಾರಿದ್ದನ್ನು ನಾನು ಮರೆತಿಲ್ಲ. ಮಂಟಪದ ಕಂಬ, ವೀರಗಲ್ಲು, ಪೂಜೆ ಮಾಡುವ ಕಲ್ಲು ಇವುಗಳ ತಂಟೆಗೆ ಹೋಗಲೇಬೇಡಿ. ಎರಡು ಮೂರು ಬಗೆಯ ಕಾಳು ಕಲೆತಿರುವ ತುಂಡು ಬೇಡ, ಒಂದೇ ಬಗೆಯ ಹರಳು ಇರಲಿ. ಹೊರಗೆ ಬಿಸಿಲು ಮಳೆಗೆ ಸಿಕ್ಕ ಸ್ಪೋಡುಮಿನ್ ಕೊಳೆತು ಜೇಡಿಯಂತೆ ಆಗಿರುತ್ತದೆ, ಅದರ ಲೆಕ್ಕ ತಪ್ಪುತ್ತದೆ.

ಒಣ ತುಂಡನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಬಟ್ಟಲಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಅಂಚಿಗೂ ತಾಗಬಾರದು. ಕೈಯಲ್ಲಿ ದಾರ ಹಿಡಿದೇ ಇರಿ. ಆಗ ತೋರಿಸುವ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂದು ಗೊತ್ತಾಗುತ್ತದೆ. 318 ಗ್ರಾಂ ತುಂಡು ನೀರಿನಲ್ಲಿ 120 ತೋರಿಸಿದರೆ 2.65, ಬೆಣಚುಕಲ್ಲು. 122 ತೋರಿಸಿದರೆ 2.6, ಫೆಲ್ಡ್‌ಸ್ಪಾರ್. 102 ತೋರಿಸಿದರೆ 3.1, ಅದು ಸ್ಪೋಡುಮಿನ್ ಇರಬಹುದು. ನೂರು ಗ್ರಾಂಗಿಂತ ಚಿಕ್ಕ ತುಂಡು ತೂಗಬೇಡಿ. ಮೂರು ಸಲ ಮಾಡಿ ನೋಡಿ. ಬೆಣಚುಕಲ್ಲೋ ಫೆಲ್ಡ್‌ಸ್ಪಾರೋ ಎಂದು ಅನುಮಾನ ಬಂದರೆ ಒಡೆದ ಮುಖ ನೋಡಿ. ಫೆಲ್ಡ್‌ಸ್ಪಾರ್ ನಯವಾದ ಚಪ್ಪಟೆ ಮುಖಕ್ಕೆ ಸೀಳುತ್ತದೆ, ಬೆಣಚುಕಲ್ಲು ಗಾಜಿನಂತೆ ಹೇಗೆಂದರೆ ಹಾಗೆ ಒಡೆಯುತ್ತದೆ.

3.1 ಬಂತು ಎಂದ ಮಾತ್ರಕ್ಕೆ ಗ್ಯಾರಂಟಿ ಅಲ್ಲ. ಮೈಸೂರಿನ ದೊಡ್ಡಕಾನ್ಯ ಕಡೆಯ ಮ್ಯಾಗ್ನಸೈಟ್ ಕೂಡ ಬಿಳಿ, ಅದರ ಲೆಕ್ಕವೂ 3ರ ಹತ್ತಿರ. ಅದನ್ನು ಚಾಕುವಿನಿಂದ ಗೀಚಬಹುದು, ಸ್ಪೋಡುಮಿನ್ ಅನ್ನು ಆಗುವುದಿಲ್ಲ. ಕಪ್ಪು ಟೂರ್ಮಲಿನ್ ಕೂಡ ಅಷ್ಟೇ ಭಾರ, ಆದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಇನ್ನು ತಿಳಿ ನೇರಳೆ ಬಣ್ಣದ, ಉಗುರಿಗೆ ಪದರ ಪದರವಾಗಿ ಬಿಡುವ ಕಾಗೆಬಂಗಾರ ಕಂಡರೆ ಅದು ಲೆಪಿಡೊಲೈಟ್ ಇರಬಹುದು. ಅದರಲ್ಲೂ ಲಿಥಿಯಂ ಇರುತ್ತದೆ. ಬಣ್ಣ ಮಾತ್ರ ನಂಬಬೇಡಿ, ಸ್ವಲ್ಪ ಮ್ಯಾಂಗನೀಸ್ ಸೇರಿದರೆ ಮಾಮೂಲಿ ಕಾಗೆಬಂಗಾರವೂ ನಸುಗೆಂಪಾಗುತ್ತದೆ. ಕೊನೆಯ ಮಾತು ಲ್ಯಾಬಿನದ್ದೇ.

ಎಲ್ಲ ಹೊಂದಿದರೆ ಭೂಕೋಶ್ ಪೋರ್ಟಲ್ ತೆರೆದು ನಿಮ್ಮ ಜಾಗ ಯಾವ ಬಂಡೆಯ ಮೇಲಿದೆ ಎಂದು ನೋಡಿ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳು ಅಲ್ಲಿ ಉಚಿತ. ಆಮೇಲೆ ಫೋಟೊ, ಲೊಕೇಶನ್, ತೂಕದ ಲೆಕ್ಕ ಬರೆದು ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡಿ. ಅಗೆದು ಮಾರುವ ಯೋಚನೆ ಬೇಡ. ಗಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ ಲಿಥಿಯಂ ಗಣಿಗಳನ್ನು ಹರಾಜು ಹಾಕುವುದು ಕೇಂದ್ರ ಸರ್ಕಾರ. ಪರವಾನಗಿ ಇಲ್ಲದೆ ತೆಗೆದರೆ ಕೇಸು ಬೀಳುತ್ತದೆ. ನಿಮ್ಮ ಕಲ್ಲು ನೋಡಿ ಮುಂಗಡ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯೂ ಕೊಡಬೇಡಿ.

ಅಜ್ಜನ ಕಲ್ಲನ್ನು ಅವರ ಎದುರಿಗೇ ತೂಗಿದೆ. 2.6 ಬಂತು. ಒಡೆದ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಫೆಲ್ಡ್‌ಸ್ಪಾರ್ ಅಂದೆ, ಸಾಲಕ್ಕೆ ಇದರಿಂದ ಏನೂ ಆಗುವುದಿಲ್ಲ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಇದು ಎದ್ದ ಜಾಗ ನೋಡ್ತೀರಾ?" ಅಂದರು. ಭಾನುವಾರ ಎಂಟನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋದೆ. ಬದುವಿನ ಪಕ್ಕ, ಕಪ್ಪು ಬಂಡೆಯ ನಡುವೆ ಮೊಳದಗಲದ ಬಿಳಿ ಎಳೆ ಕಬ್ಬಿನ ಗದ್ದೆಯ ಕಡೆಗೆ ಓಡಿತ್ತು. ಮಕ್ಕಳು ಹೆಜ್ಜೆ ಎಣಿಸಿ ಅಳೆದರು, 41 ಹೆಜ್ಜೆ. ಅಜ್ಜ ಎಳೆಯ ಇನ್ನೊಂದು ತುದಿಯಲ್ಲಿ ನಿಂತು, "ಇಲ್ಲೂ ಬರ್ಕೊಳ್ರವ್ವಾ" ಎಂದು ಕೂಗುತ್ತಿದ್ದರು.