‘ಹೋಗಿ ಬನ್ನಿ’ ಎಂದದ್ದಕ್ಕೆ ಬಂದವನು

ಮೂರನೇ ಸಲಕ್ಕೆ ಗೆದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಕ್ತ ಕುಡಿಯುವ ನಾಯಕನನ್ನಿಟ್ಟುಕೊಂಡು ಕನ್ನಡದಲ್ಲಿ ಪ್ರೇಮಕಥೆ ನಡೆಯುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮುಂಬಯಿಯ ಮಾಟುಂಗದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಬರಹಗಾರರ ಕೂಟದಲ್ಲಿ ಹಿರಿಯರೊಬ್ಬರು, “ನಮ್ಮಲ್ಲಿ ಬೇತಾಳ ಇದ್ದಾನೆ, ಮೋಹಿನಿ ಇದ್ದಾಳೆ, ಆ ಪರದೇಶಿ ನಿಮಗೆ ಯಾಕಮ್ಮ?” ಎಂದಿದ್ದರು. ಅದು ನನ್ನನ್ನು ತಡೆಯಲಿಲ್ಲ. ತಡೆದದ್ದು ಹಿಂದಿನ ಸಾಲಲ್ಲಿ ಕೂತಿದ್ದ ಹುಡುಗನ ಪ್ರಶ್ನೆ: “ಹೆಣ ಸುಡುವವರ ಕಥೆಯಲ್ಲಿ ಗೋರಿಯಿಂದ ಏಳುವವನು ಎಲ್ಲಿಂದ ಬರಬೇಕು, ಅಕ್ಕಾ?” ಇದಕ್ಕೆ ಉತ್ತರ ಹುಡುಕಲು ನನಗೆ ಆರು ವರ್ಷ ಹಿಡಿಯಿತು.

ಮೊದಲ ಪುಸ್ತಕ 2017ರದ್ದು. ಮಾಥೇರಾನಿನಲ್ಲೊಂದು ಹಳೆ ಬಂಗಲೆ, ಕರಿ ನಿಲುವಂಗಿಯ ಯಜಮಾನ, ಗಂಧದ ಬಣ್ಣದ ಸೀರೆಯುಟ್ಟ ನಾಯಕಿ. ‘ರಕ್ತಪಿಶಾಚಿ’ ಎಂಬ ಪದವನ್ನು ಪುಟಕ್ಕೊಂದು ಸಲವಾದರೂ ಬಳಸಿದ್ದೆ. ಪ್ರಕಾಶಕರು ಅಚ್ಚಿನ ಖರ್ಚು ನನ್ನದೇ ಎಂದರು, ಕೊಟ್ಟೆ. 500 ಪ್ರತಿಗೆ ಸುಮಾರು 42 ಸಾವಿರ. ಹಂಚಿಕೆ ತಮ್ಮದು ಎಂದಿದ್ದರು. ನಾಲ್ಕು ತಿಂಗಳ ಮೇಲೆ ಮುನ್ನೂರ ಅರವತ್ತು ಪ್ರತಿ ನಮ್ಮ ಡೊಂಬಿವಲಿ ಮನೆಗೆ ಟೆಂಪೋದಲ್ಲಿ ವಾಪಸು ಬಂದವು, ಟೆಂಪೋ ಬಾಡಿಗೆಯೂ ನನ್ನ ಕೈಯಿಂದಲೇ. ಎರಡು ಮಳೆಗಾಲ ಮಂಚದ ಕೆಳಗೆ ಇದ್ದು ಅರ್ಧಕ್ಕರ್ಧ ಬೂಸ್ಟು ಹಿಡಿದವು. ಮಾರಾಟವಾದದ್ದು ನೂರ ನಲವತ್ತು, ಅದರಲ್ಲಿ ಅರವತ್ತು ನೆಂಟರಿಗೆ.

ಎರಡನೆಯದು ಲಾಕ್‌ಡೌನ್ ಹೊತ್ತಿನ ಧಾರಾವಾಹಿ, ಮೊಬೈಲಿನಲ್ಲಿ. ಗೋರಿಯ ಸಮಸ್ಯೆ ಬಗೆಹರಿಸಲೆಂದು ನಾಯಕನನ್ನು ಬಾಂದ್ರಾದ ಕ್ರೈಸ್ತ ಮನೆಯವನನ್ನಾಗಿ ಮಾಡಿದೆ. ಹದಿನೇಳನೇ ಭಾಗಕ್ಕೆ ವಸಾಯಿಯ ಓದುಗರೊಬ್ಬರು ಬರೆದರು: “ನಿಮ್ಮ ಕಥೆಯಲ್ಲಿ ಹೂಳುವವರೆಲ್ಲ ದೆವ್ವವಾಗಬೇಕೇನು?” ಅವರು ಹೇಳಿದ್ದು ಸರಿ. ನನ್ನ ಸುಲಭಕ್ಕಾಗಿ ಇನ್ನೊಬ್ಬರ ಸಾವನ್ನು ಬಳಸಿಕೊಂಡಿದ್ದೆ. ಕ್ಷಮೆ ಕೇಳಿ, ನಲವತ್ತನೇ ಭಾಗಕ್ಕೆ ಕಥೆಯನ್ನೇ ತೆಗೆದುಹಾಕಿದೆ. ಅಲ್ಲಿಯವರೆಗೆ ಸಿಕ್ಕಿದ ಹಣ ಸಾವಿರದ ನೂರು ರೂಪಾಯಿ.

ಅದೇ ಕಥೆಯಲ್ಲಿ ಇನ್ನೊಂದು ತಪ್ಪಾಗಿತ್ತು. ಕಚ್ಚಿ ಕೊಲ್ಲುವ ನಾಯಕ ಬೇಡವೆಂದು, ಅವನು ಬ್ಲಡ್ ಬ್ಯಾಂಕಿನಿಂದ ರಕ್ತ ಕೊಳ್ಳುತ್ತಾನೆಂದು ಬರೆದಿದ್ದೆ. ಪರೇಲ್ ಕಡೆಯ ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಊರಿನವರೇ ಒಬ್ಬರು ಫೋನು ಮಾಡಿ ಅರ್ಧ ಗಂಟೆ ಪಾಠ ಮಾಡಿದರು. ಹಣ ಪಡೆದು ರಕ್ತ ಕೊಡುವುದು 1998ರ ಜನವರಿಯಿಂದ ಈ ದೇಶದಲ್ಲಿ ನಿಂತಿದೆ. ಒಂದು ಚೀಲದಲ್ಲಿರುವುದು 350 ಅಥವಾ 450 ಮಿಲಿ. ಇಡೀ ರಕ್ತವನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟರೂ ಸಾಮಾನ್ಯವಾಗಿ 35 ದಿನಕ್ಕೆ ಅದರ ಆಯಸ್ಸು ಮುಗಿಯಿತು. ಒಮ್ಮೆ ಕೊಟ್ಟ ಗಂಡಸು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. “ನಿಮ್ಮ ನಾಯಕ ವಾರಕ್ಕೆರಡು ಚೀಲ ಒಯ್ದರೆ ಯಾವ ರೋಗಿಯ ಪಾಲು ಕದ್ದ ಹಾಗಾಯಿತು ಲೆಕ್ಕ ಹಾಕಿ” ಎಂದರು. ಹಾಕಿದೆ. ಆಮೇಲೆ ಅಂಥವನನ್ನು ಪ್ರೀತಿಸುವ ಹುಡುಗಿಯನ್ನು ಬರೆಯಲು ನನ್ನ ಕೈ ಬರಲಿಲ್ಲ. ಈಗಿನ ಮೂರನೇ ಕಥೆಯಲ್ಲಿ, ಅದೂ ಮೊಬೈಲಿನ ಧಾರಾವಾಹಿಯೇ, ನಾಯಕನ ಹೊಟ್ಟೆಗೆ ಏನು ವ್ಯವಸ್ಥೆ ಎಂದು ಎಲ್ಲರೂ ಕೇಳುತ್ತಾರೆ. ಅದು 61ನೇ ಭಾಗದಲ್ಲಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಸಂಪಾದನೆಯ ಅರ್ಧ ಆ ಒಂದು ಭಾಗದ್ದು.

ಆ ಮೇಲೆ ಒಂದು ವರ್ಷ ಬರೆಯದೆ ಓದಿದೆ. ನನಗೆ ಧೈರ್ಯ ಕೊಟ್ಟದ್ದು ಎರಡು ಸಂಗತಿ. ಮೊದಲನೆಯದು: ಈ ಪಿಶಾಚಿ ಹುಟ್ಟಿನಿಂದ ಸುಂದರನಲ್ಲ. 1720-30ರ ದಶಕಗಳಲ್ಲಿ ಸೆರ್ಬಿಯಾದ ಹಳ್ಳಿಗಳಿಂದ ಬಂದ ವರದಿಗಳಲ್ಲಿ ಅವನು ಊದಿಕೊಂಡ, ಕೆಂಪೇರಿದ ಹೆಣ, ಹೆಚ್ಚೆಂದರೆ ಒಬ್ಬ ರೈತ. 1819ರಲ್ಲಿ ಪಾಲಿಡೋರಿ ಎಂಬ ಎಳೆಯ ವೈದ್ಯ ಅವನಿಗೆ ಲಂಡನ್ನಿನ ಸಿರಿವಂತನ ವೇಷ ಹಾಕಿದ ಮೇಲೆ ಹೆಂಗಸರು ತಿರುಗಿ ನೋಡಿದ್ದು. ಅಂದಮೇಲೆ ವೇಷ ಬದಲಿಸುವ ಹಕ್ಕು ನನಗೂ ಇದೆ. ಎರಡನೆಯದು: 1845ರಿಂದ 47ರವರೆಗೆ ಅದೇ ಲಂಡನ್ನಿನಲ್ಲಿ ವಾರವಾರ ಒಂದು ಪೆನ್ನಿಗೆ ಒಂದು ಕಂತು ಮಾರಿದ ಪಿಶಾಚಿ ಧಾರಾವಾಹಿ 200 ಅಧ್ಯಾಯ ದಾಟಿತ್ತು. ನಾವು ಮಾಡುತ್ತಿರುವುದೂ ಅದೇ ಕೆಲಸವಲ್ಲವೇ?

ಗೋರಿಯ ಪ್ರಶ್ನೆಗೆ ಉತ್ತರ ಮಸೀದಿ ಬಂದರಿನಲ್ಲಿ ಸಿಕ್ಕಿತು. ನಮ್ಮ ಅಜ್ಜ ಅಲ್ಲೊಂದು ಹೋಟೆಲಿನಲ್ಲಿ ಮಾಣಿಯಾಗಿದ್ದವರು. 1944ರ ಏಪ್ರಿಲ್ 14ರ ಸಂಜೆ ನಾಲ್ಕರ ಸುಮಾರಿಗೆ ವಿಕ್ಟೋರಿಯಾ ಡಾಕಿನಲ್ಲಿ ಹಡಗು ಸಿಡಿದದ್ದು ಎಲ್ಲರಿಗೂ ಗೊತ್ತು. ಹತ್ತಿಯ ಮೂಟೆ, ಮದ್ದುಗುಂಡು, ಚಿನ್ನ ಎಲ್ಲ ಒಂದೇ ಹಡಗಿನಲ್ಲಿ. ಅರ್ಧ ಗಂಟೆ ಕಳೆದು ಇನ್ನೊಂದು ಸಲ ಸಿಡಿಯಿತು. ನೂರಾರು ಜನ ಸತ್ತರು, ಎಷ್ಟೋ ಜನರ ಗುರುತು ಹತ್ತಲಿಲ್ಲ. ಇಂದಿಗೂ ಏಪ್ರಿಲ್ 14 ದೇಶದ ಅಗ್ನಿಶಾಮಕ ಸೇವಾ ದಿನ. ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಡುವುದು ನಮ್ಮಲ್ಲಿದೆ. ನನ್ನ ನಾಯಕ ವಾಸುದೇವನಿಗೆ ಇಪ್ಪತ್ತಮೂರು ವರ್ಷ, ಹಗಲು ಹೋಟೆಲು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ. ಊರಿನಲ್ಲಿ ಸುಟ್ಟದ್ದು ಬೊಂಬೆಯನ್ನು. ಅವನು ಇಲ್ಲೇ ಉಳಿದ. ಅವನನ್ನು ಕಚ್ಚಿದ್ದು ಯಾರೆಂದು ಇನ್ನೂ ಹೇಳಿಲ್ಲ, ಎರಡನೇ ಸೀಸನ್ನಿಗೆ ಬೇಕು.

ರಾತ್ರಿಶಾಲೆಯೇ ನನ್ನ ಕಥೆಯ ಜೀವ. ಹಗಲು ದುಡಿದು ರಾತ್ರಿ ಅಕ್ಷರ ಕಲಿತ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ನಾವು. ರಾತ್ರಿಯಲ್ಲಷ್ಟೇ ಬದುಕುವ ಮನುಷ್ಯ ನಮಗೆ ಪರದೇಶಿ ಹೇಗಾದಾನು?

ಇನ್ನು ಕೈಚಳಕದ ಮಾತು. 1897ರ ಆ ಪ್ರಸಿದ್ಧ ಇಂಗ್ಲಿಷ್ ಕಾದಂಬರಿ ‘ಡ್ರಾಕುಲಾ’ದಲ್ಲಿ ಒಂದು ನಿಯಮವಿದೆ: ಮನೆಯವರು ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟಲಾರ. ಪ್ರೇಮಕಥೆಗೆ ರಕ್ತಕ್ಕಿಂತ ಇದು ಮೇಲು. ನಮ್ಮಲ್ಲಿ ಇದರ ತಿರುವುಮುರುವು ಆಗಲೇ ಇತ್ತು, ಬಾಗಿಲ ಮೇಲೆ ‘ನಾಳೆ ಬಾ’. ನಾಯಕಿ ಶ್ವೇತಾ ಪರೇಲಿನಲ್ಲಿ ನರ್ಸು, ಫೋರ್ಟಿನ ಹಳೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ವಾಸ. ಪಕ್ಕದ ಖೋಲಿಯ ಅಜ್ಜಿ ಅವಳ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದಾರೆ. ಅವನು ಇಪ್ಪತ್ತೆರಡು ಭಾಗ ಬಂದು, ಓದಿ, ವಾಪಸು ಹೋಗುತ್ತಾನೆ. ಬಾಗಿಲ ಸರಪಳಿಯ ಸಂದಿಯಲ್ಲಿ ಮಾತು ಮಾತ್ರ.

ಇಪ್ಪತ್ತೆರಡರ ನಂತರ ನಾನೂ ಸಿಕ್ಕಿಬಿದ್ದೆ. ಅವಳು ಬೇಕೆಂದೇ ಕರೆದರೆ ಪೆದ್ದಿ, ಕರೆಯದಿದ್ದರೆ ಕಥೆ ಇಲ್ಲ. ಒಂದು ಸಂಜೆ ನಾದಿನಿ ಮನೆಯಿಂದ ಹೊರಡುವಾಗ “ಬರ್ತೇನೆ ಅತ್ತಿಗೆ” ಅಂದಳು. ನಾನು ಒಗ್ಗರಣೆ ಹಾಕುತ್ತಲೇ “ಹೋಗಿ ಬಾ” ಅಂದೆ. ಸೌಟು ಕೈಯಲ್ಲೇ ಉಳಿಯಿತು. ನಾವು ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ, ಬೀಳ್ಕೊಡುವಾಗಲೂ ಕರೆಯುತ್ತೇವೆ! 23ನೇ ಭಾಗ ಅದೇ ರಾತ್ರಿ ಬರೆದೆ. ವಾಸುದೇವ ಅವಳ ಕೊಡೆ ಹಿಂದಿರುಗಿಸಿ “ಬರ್ತೇನೆ” ಎನ್ನುತ್ತಾನೆ. ಅವಳು ನಿದ್ದೆಗಣ್ಣಲ್ಲಿ, ಅಭ್ಯಾಸಬಲದಿಂದ, “ಹೋಗಿ ಬನ್ನಿ” ಎನ್ನುತ್ತಾಳೆ. ಅವನು ಮೆಟ್ಟಿಲಲ್ಲಿ ನಿಲ್ಲುತ್ತಾನೆ. ಭಾಗ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಕಲ್ಯಾಣ್ ಲೋಕಲಿನಲ್ಲಿ ಫೋನು ತೆಗೆದರೆ ನಾನೂರು ಚಿಲ್ಲರೆ ಪ್ರತಿಕ್ರಿಯೆ. ಹಿಂದಿನ ಯಾವ ಭಾಗಕ್ಕೂ ಮೂವತ್ತು ದಾಟಿರಲಿಲ್ಲ.

ಅದಕ್ಕೇ ಇನ್ನೊಂದು ನಿಯಮ ಹೆಣೆದೆ. ‘ಬನ್ನಿ’ ಅಂದದ್ದರಿಂದ ಅವನು ಹೊಸ್ತಿಲು ದಾಟಬಹುದು, ಮುಟ್ಟುವ ಹಾಗಿಲ್ಲ. ಮುಟ್ಟಬೇಕಾದರೆ ಅವಳು ಏಕವಚನಕ್ಕೆ ಇಳಿಯಬೇಕು. ‘ನೀವು’ ಇಂದ ‘ನೀನು’ಗೆ ಬರಲು 47ನೇ ಭಾಗದವರೆಗೆ ಕಾಯಿಸಿದೆ. ನಡುವೆ ಒಂದು ಸಲ ಜ್ವರದಲ್ಲಿ ಅವಳ ಬಾಯಿಂದ “ನೀ—” ಎಂದು ಹೊರಟು ನಿಲ್ಲುತ್ತದೆ. ಕುತ್ತಿಗೆ, ಹಲ್ಲು, ರಕ್ತದ ಹನಿ ಎಂದು ಎರಡು ಕಥೆ ತುಂಬ ಬರೆದೆ. ಯಾವುದೂ ಆ ಅರ್ಧ ಅಕ್ಷರದಷ್ಟು ಓದುಗರ ಎದೆ ಹೊಡೆಸಲಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಇಂಗ್ಲಿಷಿನ ‘ಯೂ’ ಇಟ್ಟುಕೊಂಡು ಇದನ್ನು ಬರೆಯಲಾಗದು.

ತ್ರಿಕೋನ ಪ್ರೇಮ ಬೇಕೇ ಬೇಕು ಎನ್ನುವವರಿದ್ದಾರೆ. ತೋಳಮನುಷ್ಯನನ್ನು ತಂದುಹಾಕಿ ಎಂದು ಸಲಹೆ ಬಂತು. ನಾನು ಊರಿನ ಕಡೆ ನೋಡಿದೆ. ಮದುವೆಯಾಗದೆ ಸತ್ತವರಿಗೆ ನಮ್ಮ ತುಳುನಾಡಿನಲ್ಲಿ ಪ್ರೇತ ಮದುವೆ, ಕುಲೆ ಮದಿಮೆ ಮಾಡುತ್ತಾರಲ್ಲ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂದಾಗ ವಾಸುದೇವನ ತಮ್ಮ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ, ಸತ್ತ ಹುಡುಗಿ ಕಮಲಳನ್ನು ಹುಡುಕಿ, ಶಾಸ್ತ್ರೋಕ್ತ ಮದುವೆ ಮುಗಿಸಿದ್ದಾನೆ. ಮದುಮಗ ಮಾತ್ರ ಸತ್ತು ಹೋಗದೆ ಮುಂಬಯಿಯಲ್ಲಿ ಇದ್ದಾನೆ. ಅವನಿಗೆ ಅದು ಗೊತ್ತಾಗುವುದು ಶ್ವೇತಾಳ ತಾಯಿಯಿಂದ. ಅವನು ಕಮಲಳಿಗೆ ಏನು ಉತ್ತರ ಹೇಳಬೇಕು? ಇದನ್ನು ತಮಾಷೆಗೆ ಬಿಡಲಿಲ್ಲ. ಆ ಆಚರಣೆ ಮಾಡುವ ಮನೆಗಳಲ್ಲಿ ಎಷ್ಟು ಅಳು ಇರುತ್ತದೆಂದು ನಾನು ಕಂಡಿದ್ದೇನೆ. ಕಮಲಳ ಸೀರೆಯ ಬಗ್ಗೆ ಒಂದಿಡೀ ಭಾಗ ಬರೆದೆ. ಆ್ಯಪಿನಲ್ಲಿ ದುಡ್ಡಿಗೆ ಕೊಳ್ಳುವ ಕಾಯಿನ್ ಕೊಟ್ಟು ಅದನ್ನು ಎರಡು ಸಲ ಓದಿದವರಿದ್ದಾರೆ.

ಹೊತ್ತಿನ ಲೆಕ್ಕ ಸರಿ ಇಡಿ, ಇದು ನನ್ನ ಅನುಭವದ ಮಾತು. ಮುಂಬಯಿಯಲ್ಲಿ ಸೂರ್ಯ ಹುಟ್ಟುವುದು ಜೂನ್ ಮೊದಲಲ್ಲಿ ಆರು ಗಂಟೆಗೆ, ಜನವರಿಯಲ್ಲಿ ಏಳೂಕಾಲಿಗೆ. ಚರ್ಚ್‌ಗೇಟಿನಿಂದ ಕೊನೆಯ ಬೊರಿವಲಿ ಲೋಕಲ್ ರಾತ್ರಿ ಒಂದರ ಹೊತ್ತಿಗೆ, ಮತ್ತೆ ಗಾಡಿ ನಾಲ್ಕರ ಮೇಲೆ. ಆ ಮೂರು ಗಂಟೆ ನನ್ನ ಪ್ರೇಮಿಗಳದ್ದು. ಒಮ್ಮೆ ಜುಲೈ ಮಳೆಯಲ್ಲಿ ಅವನನ್ನು ಹಗಲು ಹನ್ನೊಂದಕ್ಕೆ ಹಾರ್ನಿಮನ್ ವೃತ್ತದವರೆಗೆ ನಡೆಸಿದೆ. “ಸುಟ್ಟು ಬೂದಿಯಾಗಬೇಕಿತ್ತು, ನಿಯಮ ಮುರಿದಿರಿ” ಎಂದು ಜಗಳ. 1897ರ ಆ ಕೌಂಟ್ ಹಗಲಿನಲ್ಲೇ ಲಂಡನ್ನಿನ ಪಿಕಡಿಲಿಯಲ್ಲಿ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ. ಬಿಸಿಲಿಗೆ ಸಾಯುವುದು ಬಂದದ್ದು 1922ರ ಜರ್ಮನ್ ಮೂಕಿಚಿತ್ರದಿಂದ. ಇದನ್ನು ಬರೆದ ಮೇಲೆ ಜಗಳ ನಿಂತಿತು.

ಸಾಸಿವೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಕಾಳು ಚೆಲ್ಲಿದರೆ ಎಣಿಸದೆ ಮುಂದೆ ಹೋಗಲಾರ ಎಂದು ಯುರೋಪಿನ ಜನಪದದಲ್ಲಿದೆ. ಒಂದು ಭಾನುವಾರ ನಾನೇ ಕೂತು ಒಂದು ಟೀ ಚಮಚ ಸಾಸಿವೆ ಎಣಿಸಿದೆ. ಹೆಚ್ಚುಕಡಿಮೆ ಸಾವಿರದ ಏಳುನೂರು, ಮುಕ್ಕಾಲು ಗಂಟೆ. ಹನ್ನೊಂದು ಗಂಟೆಯ ಬೇಸಿಗೆಯ ರಾತ್ರಿ ಕಳೆಯಲು ಹದಿನೈದು ಚಮಚ ಬೇಕು. ಅಜ್ಜಿಯ ಕೈಯಲ್ಲಿ ಹತ್ತು ಚಮಚ ಚೆಲ್ಲಿಸಿದೆ, ಮೂರೂವರೆ ಗಂಟೆ ಉಳಿಸಿಕೊಂಡೆ. ಪಿಶಾಚಿಗೆ ಆಗದ ಬೆಳ್ಳುಳ್ಳಿಗೂ ದಾರಿ ಸಿಕ್ಕಿತು: ಉಡುಪಿಯ ಮಡಿ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಹಾಗಾಗಿ ವಾಸುದೇವ ಎಂಬತ್ತು ವರ್ಷದಿಂದ ನೆಮ್ಮದಿಯಾಗಿ ಸಾರಿನ ವಾಸನೆಗೆ ಬರುವುದು ಒಂದೇ ಅಡುಗೆಮನೆಗೆ. ಸೆಲ್ಫಿಯಲ್ಲಿ ಕಾಣಿಸುತ್ತಾನೋ ಇಲ್ಲವೋ ಎಂದು ಬರೆದ ಭಾಗ ಮಾತ್ರ ಬಿದ್ದುಹೋಯಿತು, ತೆಗೆದೆ.

ಹಣದ ವಿವರ. ಮುಖಚಿತ್ರಕ್ಕೆ ಮೊದಲು ಮೂರೂವರೆ ಸಾವಿರ ಸುರಿದೆ, ಕೆಂಪು ತುಟಿ ಕೋರೆಹಲ್ಲಿನದು. ಯಾರೂ ಒತ್ತಲಿಲ್ಲ. ಆಮೇಲೆ ಅಣ್ಣನ ಮಗಳು ಎಂಟುನೂರಕ್ಕೆ ಒಂದು ಹೊಸ್ತಿಲು, ರಂಗೋಲಿ, ಹೊರಗೆ ಒಂದು ಜೊತೆ ಒದ್ದೆ ಚಪ್ಪಲಿ ಬರೆದುಕೊಟ್ಟಳು. ಓದು ಮೂರು ಪಟ್ಟಾಯಿತು. ಹಾಕುವ ಹೊತ್ತನ್ನು ಸಂಜೆ ಏಳರಿಂದ ರಾತ್ರಿ ಹನ್ನೆರಡೂವರೆಗೆ ಬದಲಿಸಿದೆ. ಶಟರ್ ಎಳೆದ ಹೋಟೆಲಿನವರು, ರಾತ್ರಿಪಾಳಿಯ ನರ್ಸುಗಳು ಆಗ ಓದುತ್ತಾರೆ. 92 ಭಾಗ, ಹನ್ನೊಂದು ತಿಂಗಳು, ಆ್ಯಪಿನವರ ಪಾಲು ಹೋಗಿ ನನಗೆ ಒಂದೂವರೆ ಲಕ್ಷದ ಮೇಲೆ ಬಂತು. ಧ್ವನಿರೂಪಕ್ಕೆ ಒಂದೇ ಸಲ 35 ಸಾವಿರ ಕೊಡುತ್ತೇವೆ, ಹಕ್ಕೆಲ್ಲ ನಮಗೆ ಎಂದರು. ಒಪ್ಪಲಿಲ್ಲ. ಎಷ್ಟನೇ ಭಾಗದಿಂದ ಬೀಗ ಹಾಕಿ ಕಾಯಿನ್ ಕೇಳಬೇಕು ಎಂಬುದು ಮಾತ್ರ ನನ್ನಲ್ಲೇ ಇರಲಿ.

ಮಾಟುಂಗದ ಆ ಹಿರಿಯರು ಹೋದ ತಿಂಗಳು ಫೋನು ಮಾಡಿದ್ದರು. ಕಣ್ಣು ಮಂಜು, ಸೊಸೆ ಓದಿ ಹೇಳುತ್ತಾಳಂತೆ. “ಆ ಹುಡುಗ ಕಮಲಳ ಊರಿಗೆ ಹೋಗುತ್ತಾನೋ ಇಲ್ಲವೋ?” ಎಂದು ಕೇಳಿದರು. ಹೋಗುತ್ತಾನೆ ಎಂದೆ. ಆ ಭಾಗ ಬರೆಯುವ ಮೊದಲು ನಾನು ಹೋಗಬೇಕು. ಆಟಿ ತಿಂಗಳಲ್ಲಿ ಕಾರ್ಕಳದ ಹತ್ತಿರ ಒಂದು ಮನೆಯವರು ಪ್ರೇತ ಮದುವೆಗೆ ಬಂದು ಕೂರಲು ಒಪ್ಪಿದ್ದಾರೆ. ಫೋಟೋ ಬೇಡ, ಊಟ ಮಾಡಿಯೇ ಹೋಗಬೇಕು ಎಂದಿದ್ದಾರೆ. ಮತ್ಸ್ಯಗಂಧಕ್ಕೆ ಟಿಕೆಟ್ ತೆಗೆದಿದ್ದೇನೆ, ವೇಟಿಂಗ್ ಲಿಸ್ಟ್ ಹದಿನಾಲ್ಕು.